ಯಾರನ್ನೂ ಕಚ್ಚದ ಹಾಸ್ಯ ನಾಟಕ ಆಡುವ ಕ್ರಮ

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಹುಡುಗರು ಈ ಸಲ ಕುರುಕ್ಷೇತ್ರ ಬೇಡ, ಸಾಮಾಜಿಕ ಹಾಸ್ಯ ನಾಟಕ ಆಡೋಣ ಎಂದು ಹಟ ಹಿಡಿದರೆ ಹೆದರಬೇಡಿ. ಒಪ್ಪಿಕೊಳ್ಳಿ. ಕೆಡಿಸುವುದು ಸುಲಭ.

ಮೊದಲು ವಸ್ತು ಹುಡುಕಿ. ಎಷ್ಟು ಕೊರೆದರೂ ಧೂಳೇ ಉಗುಳುವ ಕೊಳವೆಬಾವಿ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಿಗೆ ಕಾದ ರೇಷ್ಮೆಗೂಡು, ಪಹಣಿ ತಿದ್ದುಪಡಿಗೆ ಅಲೆದು ಸವೆದ ಮುದುಕ, ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಬಿಡುವ ನೀರು. ಎಲ್ಲವನ್ನೂ ಕಾಗದದಲ್ಲಿ ಬರೆದು, ಮಡಚಿ, ಜೇಬಿಗಿಡಿ. ನಾಟಕಕ್ಕೆ ಜೋರು ಹೆಂಡತಿಯ ಕಥೆ ಸಾಕು.

ನಾಟಕಕಾರ ಕೈಲಾಸಂ ಅವರನ್ನು ಓದಬೇಡಿ. 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆ ಗೆದ್ದ ಮಗ ಟೊಳ್ಳು, ಸೋತವನು ಗಟ್ಟಿ. ನಗುತ್ತಿದ್ದ ಅಪ್ಪ ಅಮ್ಮಂದಿರು ಮನೆಯ ಮಾರ್ಕ್ಸ್‌ಕಾರ್ಡು ನೆನಪಾಗಿ ತಟ್ಟನೆ ಸುಮ್ಮನಾಗುತ್ತಾರೆ. ಅಂಥ ಮೌನಕ್ಕೆ ಶಾಮಿಯಾನ ಬಾಡಿಗೆ ಕೊಡುವವರು ಯಾರು?

ಮಾಸ್ಟರ್ ಹಿರಣ್ಣಯ್ಯನವರನ್ನಂತೂ ಹತ್ತಿರ ಸೇರಿಸಬೇಡಿ. 'ಲಂಚಾವತಾರ'ವನ್ನು ಸಾವಿರಾರು ಸಲ ಆಡಿದ ಮನುಷ್ಯ. ಬೆಳಗಿನ ಪತ್ರಿಕೆಯ ಸುದ್ದಿಯನ್ನು ರಾತ್ರಿಯ ಮಾತಿಗೆ ಸೇರಿಸಿ, ಅಧಿಕಾರದಲ್ಲಿದ್ದವರ ಮುನಿಸು ಕಟ್ಟಿಕೊಂಡರು. ತಿನ್ನುವವನನ್ನು ನೋಡಿ ನಕ್ಕ ಜನ, ಕೊಟ್ಟವರು ತಾವೇ ಎಂದು ಮನೆಗೆ ಹೋಗುವ ದಾರಿಯಲ್ಲಿ ಯೋಚಿಸುವಂತಾಯಿತು. ಇದು ಮನರಂಜನೆಯೇ? ನೀವು ಲಂಚದ ದೃಶ್ಯ ಇಡಲೇಬೇಕಾದರೆ ತಿನ್ನುವವನನ್ನು ಬೇರೆ ರಾಜ್ಯದವನಾಗಿಸಿ. ಆಂಧ್ರ ಹತ್ತಿರವೇ ಇದೆ, ಆದರೆ ಅಲ್ಲಿ ನೆಂಟರಿದ್ದಾರೆ. ಬಿಹಾರ ವಾಸಿ.

ನಗುವನ್ನೂ ಸಂಕಟವನ್ನೂ ಒಬ್ಬನೇ ಪಾತ್ರಧಾರಿಯ ಬಾಯಿಗೆ ಕೊಡಬೇಡಿ, ಅಪಾಯವಿರುವುದು ಅಲ್ಲೇ. ಹಾಸ್ಯದವನು ಬಂದು ಜಾರಿ ಬೀಳಲಿ, ಹೋಗಲಿ. ಆಮೇಲೆ ಮೇಷ್ಟ್ರ ಪಾತ್ರ ಬಂದು ವರದಕ್ಷಿಣೆ ಕುರಿತು ಭಾಷಣ ಮಾಡಲಿ. ಆ ಹೊತ್ತಿಗೆ ಜನ ಬೋಂಡಾ ಅಂಗಡಿಗೆ ಹೋಗಿರುತ್ತಾರೆ, ಸಂದೇಶವೂ ಕೊಟ್ಟಂತಾಯಿತು. ಗೇಲಿಗೆ ತೊದಲುವವನು, ದಪ್ಪನೆಯ ಹೆಂಗಸು, ಮನೆಗೆಲಸದವಳು, ಹೀಗೆ ದೂರು ಕೊಡಲು ಬರದವರನ್ನೇ ಆರಿಸಿ.

ಮಾತು ಬೆಂಗಳೂರಿನ ಕನ್ನಡದಲ್ಲಿರಲಿ. ತೆಲುಗು ಬೆರೆತ ಊರ ಕನ್ನಡ ರಂಗದ ಮೇಲೆ ಬಂತೋ, ಜನ ತಮ್ಮನ್ನೇ ಕಂಡಂತಾಗಿ ನಾಟಕಕ್ಕೆ ಗಮನ ಕೊಟ್ಟುಬಿಡುತ್ತಾರೆ.

ಹಸ್ತಪ್ರತಿಯನ್ನು ಮುಖ್ಯ ಅತಿಥಿಗೆ ಮುಂಚೆಯೇ ಓದಿ ಹೇಳಿ. ಅವರು ನಕ್ಕ ಸಾಲು ಉಳಿಸಿ, ಕೆಮ್ಮಿದ ಸಾಲು ಹೊಡೆದುಹಾಕಿ. ಇಷ್ಟಾಗಿಯೂ ನಾಟಕದ ದಿನ ಮುಂದಿನ ಕುರ್ಚಿಯಿಂದ ಯಾರಾದರೂ ಸಿಟ್ಟಾಗಿ ಎದ್ದು ಹೋದರೆ, ಎಲ್ಲೋ ಒಂದು ಒಳ್ಳೆಯ ದೃಶ್ಯ ಉಳಿದುಬಿಟ್ಟಿದೆ ಎಂದು ತಿಳಿಯಿರಿ. ಮುಂದಿನ ಪ್ರದರ್ಶನದೊಳಗೆ ಹುಡುಕಿ ತೆಗೆಯಿರಿ.