ಧ್ವನಿವಾಸ್ತು ಪಂಡಿತರು

ವಾಸ್ತುಶಾಸ್ತ್ರಜ್ಞರು ದಿಕ್ಕುಗಳನ್ನು ಎಂಟೆಂದು ಎಣಿಸುವರು. ಆದರೆ ಈಚೆಗೆ ಊರಿಗೊಬ್ಬರಂತೆ ಕಾಣಿಸಿಕೊಳ್ಳತೊಡಗಿರುವ ಧ್ವನಿವಾಸ್ತು ಪಂಡಿತರ ಮತದಲ್ಲಿ ದಿಕ್ಕುಗಳು, ಸ್ಪೀಕರಿಗೊಂದರಂತೆ, ಐದೇ: ಎದುರಿನ ನಡು, ಎದುರಿನ ಎಡಬಲಗಳು ಮತ್ತು ಹಿಂಬದಿಯ ಎಡಬಲಗಳು. ಇವುಗಳ ಜೊತೆಗೆ, ಯಾವ ದಿಕ್ಕಿಗೂ ಸೇರದೆ ಎಲ್ಲ ದಿಕ್ಕುಗಳನ್ನೂ ನಡುಗಿಸಬಲ್ಲ ಸಬ್‌ವೂಫರ್ ಎಂಬ ಪೆಟ್ಟಿಗೆಯೊಂದುಂಟು. ಈ ಪಂಥದವರಲ್ಲಿ ಅಗ್ರಗಣ್ಯರೆನ್ನಬಹುದಾದ ಮಹನೀಯರೊಬ್ಬರು ರಾಯಚೂರಿನಲ್ಲಿ ಹತ್ತಿಯ ದಲಾಲಿ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಉಳಿದ ಆಯುಸ್ಸನ್ನು ನಾದದ ಸೇವೆಗೆ ಮುಡಿಪಾಗಿಟ್ಟಿರುವರು.

ಪಂಡಿತರ ಸಂಕಟಕ್ಕೆಲ್ಲ ಮೂಲವು ಅವರ ಪಡಸಾಲೆಯ ಆಕಾರ. ತಂದೆಯವರ ಕಾಲದಲ್ಲಿ ನಾಲ್ಕು ಪಂಕ್ತಿ ಊಟಕ್ಕೆ ಎಡೆಗೊಡುತ್ತಿದ್ದ ಆ ವಿಶಾಲ ಸ್ಥಳವು, ಅಣ್ಣತಮ್ಮಂದಿರು ಪಾಲಾದ ವರ್ಷ, ಹಿರಿಯರ ಪಂಚಾಯಿತಿಯ ತೀರ್ಮಾನದಂತೆ ನಡುವೆ ಎದ್ದ ಗೋಡೆಯಿಂದಾಗಿ, ಒಂದು ತುದಿಯಲ್ಲಿ 13 ಅಡಿ, ಇನ್ನೊಂದು ತುದಿಯಲ್ಲಿ ಏಳೂವರೆ ಅಡಿ ಅಗಲವುಳ್ಳ, ಬಲಗಡೆ ಅಡುಗೆಮನೆಯತ್ತ ಬಾಯ್ದೆರೆದ, ನಟ್ಟನಡುವೆ ಸಾಗವಾನಿಯ ಕಂಬವನ್ನು ಹೊತ್ತ ಆಕೃತಿಯಾಗಿ ಪರಿಣಮಿಸಿತು. ಅದಕ್ಕೆ ರೇಖಾಗಣಿತವು ಇನ್ನೂ ನಾಮಕರಣ ಮಾಡಿಲ್ಲ. ಐದು ಸ್ಪೀಕರುಗಳೂ ಕೇಳುಗನಿಂದ ಸಮದೂರದಲ್ಲಿರತಕ್ಕದ್ದು, ಹಿಂಬದಿಯವು ಅವನ ಮೂಗಿನ ನೇರದಿಂದ 100ರಿಂದ 120 ಡಿಗ್ರಿಗಳೊಳಗೆ ನಿಲ್ಲತಕ್ಕದ್ದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ವಿಧಿ. ಪಂಡಿತರು ಟೇಪು ಹಿಡಿದು ಅಳೆದಾಗ, ಹಿಂಬದಿಯ ಎಡ ಸ್ಪೀಕರಿಗೆ ಶಾಸ್ತ್ರೋಕ್ತವಾದ ಸ್ಥಾನವು ಪಾಲಿನ ಗೋಡೆಯಾಚೆ ಮೂರು ಅಡಿ ದೂರದಲ್ಲಿ, ತಮ್ಮನ ಅಡುಗೆಮನೆಯ ಉಪ್ಪಿನಕಾಯಿ ಭರಣಿಯ ಮೇಲೆ ಬಿದ್ದಿತು. ಧ್ವನಿಯು ಮಿಲಿಸೆಕೆಂಡಿಗೆ ಒಂದಡಿಗಿಂತ ತುಸು ಹೆಚ್ಚು ಚಲಿಸುವುದರಿಂದ, ಹತ್ತಿರದ ಸ್ಪೀಕರಿನ ಸದ್ದನ್ನು ಅಷ್ಟು ಕಾಲ ತಡೆದು ಬಿಟ್ಟು ದೂರದ ಕೊರತೆಯನ್ನು ನೀಗಿಸಬಲ್ಲ ಯಂತ್ರವು ಅವರಲ್ಲಿದ್ದರೂ, ಕೋನದ ಕೊರತೆಯನ್ನು ನೀಗಿಸುವ ಶಕ್ತಿ ಅದಕ್ಕಿಲ್ಲ.

ಪರರ ಮನೆಗೆ ಹೋದಾಗ ಪಂಡಿತರು ಕುಶಲಪ್ರಶ್ನೆಗೆ ಮೊದಲೇ ಒಂದು ಚಪ್ಪಾಳೆ ತಟ್ಟುವರು. ಶಹಾಬಾದಿ ಫರಸಿಯ ನೆಲ, ಬೋಳು ಗೋಡೆಗಳು ಇರುವಲ್ಲಿ ಆ ಸದ್ದು ಝಣಝಣಿಸಿ ಮರಳುವುದನ್ನು ಕೇಳಿ, ಆ ಮನೆಯ ಭವಿಷ್ಯವನ್ನು ನಿರ್ಣಯಿಸುವುದು ಅವರ ಪದ್ಧತಿ. ದೇವದುರ್ಗದಲ್ಲಿ ಹೆಣ್ಣು ನೋಡಲೆಂದು ಹಿರಿಯರಾಗಿ ಹೋಗಿದ್ದಾಗ, ಉಳಿದವರು ಕೊಡುಕೊಳ್ಳುವ ಮಾತಿಗೆ ಇನ್ನೂ ಪೀಠಿಕೆ ಹಾಕುತ್ತಿರುವಂತೆಯೇ ಇವರು ಪದ್ಧತಿಯಂತೆ ಚಪ್ಪಾಳೆ ತಟ್ಟಲು, ಹೆಣ್ಣಿನ ಕಡೆಯವರು ಅದನ್ನು ಸಮ್ಮತಿಯೆಂದೇ ಬಗೆದು ಸಕ್ಕರೆ ಹಂಚಿಬಿಟ್ಟರು. ಮದುವೆಯೇನೋ ಸುಖಾಂತವಾಯಿತು, ಆ ಪಡಸಾಲೆಯ ಪ್ರತಿಧ್ವನಿ ಮಾತ್ರ ವಿಪರೀತವೆಂದು ಪಂಡಿತರು ಇಂದಿಗೂ ಮರುಗುತ್ತಾರೆ. ಮಾನ್ವಿಯಲ್ಲಿ ಭತ್ತದ ವ್ಯಾಪಾರಿಯೊಬ್ಬರ ಮನೆಯ ಗೋಡೆಗಳಿಗೆ, ಹತ್ತಿಯು ಸದ್ದನ್ನು ಹೀರುವುದೆಂಬ ಸ್ವಾನುಭವದಿಂದ, ಗಾದಿ ಕೌದಿಗಳನ್ನು ತೂಗುಹಾಕಿಸಿದರು. ಹರಿಕಥಾಮೃತಸಾರದ ಕರ್ತೃಗಳಾದ ಜಗನ್ನಾಥದಾಸರ ಊರು ಅದು, ಆ ಮನೆಯ ವೃದ್ಧಮಾತೆ, "ದಾಸರು ಒಂದು ತಂಬೂರಿ ಹಿಡಕೊಂಡು ಜಗತ್ತಿಗೇ ಕೇಳೋಹಂಗ ಹಾಡ್ಯಾರಪಾ. ನಿನಗ ಆರು ಡಬ್ಬಿ ಯಾಕ?" ಎಂದು ಕೇಳಿದರಂತೆ. "ಅಮ್ಮಾ, ದಾಸರ ಪಡಸಾಲ್ಯಾಗ ಪಾಲಿನ ಗ್ವಾಡಿ ಇದ್ದಿದ್ದಿಲ್ಲ" ಎಂಬುದು ಪಂಡಿತರ ಉತ್ತರ.

ಸಬ್‌ವೂಫರಿನ ಸ್ಥಾಪನೆಯಾದರೋ ಪ್ರತ್ಯೇಕ ಅಧ್ಯಾಯಕ್ಕೆ ಯೋಗ್ಯವಾದದ್ದು. ಅದರ ಮಂದ್ರನಾದವು ಎಲ್ಲಿಂದ ಬಂದಿತೆಂಬುದು ಕಿವಿಗೆ ತಿಳಿಯದಾದರೂ, ಮೂಲೆಯಲ್ಲಿಟ್ಟರೆ ಉಬ್ಬುವುದು, ಇನ್ನೆಲ್ಲೋ ಇಟ್ಟರೆ ಅಡಗುವುದು. ಆದಕಾರಣ ಪೆಟ್ಟಿಗೆಯನ್ನು ತಾವು ಕೂಡುವ ಕುರ್ಚಿಯ ಮೇಲಿರಿಸಿ, ತಾವು ನೆಲದ ಮೇಲೆ ಅಂಬೆಗಾಲಿಡುತ್ತ, ನಾದವು ಸಮವಾಗಿ ಕೇಳುವ ಜಾಗವನ್ನು ಹುಡುಕಿ ಅಲ್ಲಿಯೇ ಅದನ್ನು ಸ್ಥಾಪಿಸಬೇಕೆಂಬುದು ತಜ್ಞರು ಮಾನ್ಯಮಾಡಿದ ಉಪಾಯ. ಅರವತ್ತು ದಾಟಿದ ಯಜಮಾನರು ಧೋತರದ ಕಚ್ಚೆ ಬಿಗಿದು ಹೀಗೆ ತೆವಳುತ್ತಿದ್ದಾಗ ನೆರೆಮನೆಯಾಕೆ ಬಂದು, "ಏನ್ ಕಳದದ ಅಕ್ಕಾ?" ಎಂದು ಕೇಳಲು, ಮನೆಯಾಕೆ, "ಏನೂ ಕಳದಿಲ್ಲವ್ವಾ. ಗುಂಯ್ ಅನ್ನೋದು ಎಲ್ಲಿ ಛಲೋ ಕೇಳಸ್ತದ ಅಂತ ಹುಡುಕಲಿಕ್ಕತ್ತಾರ" ಎಂದರು. ಆ ಪೆಟ್ಟಿಗೆ ಮೂಲೆಯಿಂದ ಮೂಲೆಗೆ ಸಾಗುವ ವೈಭವವನ್ನು ಕಂಡವರಿಗೆ, 1294ರ ಶಾಸನವಿರುವ ರಾಯಚೂರು ಕೋಟೆಯ ಮಹಾಶಿಲೆಯನ್ನು ಗಾಲಿಬಂಡಿಯ ಮೇಲೆ ಹೇರಿ ಕೋಣಗಳ ಸಾಲಿನಿಂದ ಎಳೆಸಿದ, ಗೋಡೆಯ ಮೇಲೆಯೇ ಕೊರೆದಿರುವ ಆ ಚಿತ್ರವು ನೆನಪಿಗೆ ಬಾರದಿರದು.

ವೈಶಾಖದ ಬಿಸಿಲಿಗೆ ಊರು ನಾಲ್ವತ್ತು ಡಿಗ್ರಿ ದಾಟಿದಾಗ, ಧ್ವನಿಪರೀಕ್ಷೆಯ ಮೈಕು ನಿಶ್ಶಬ್ದವನ್ನು ಬೇಡುವುದೆಂದು ಫ್ಯಾನು ಕೂಲರುಗಳೆರಡನ್ನೂ ಆರಿಸಲಾಗುತ್ತದೆ. ಮನೆಮಂದಿ ಹೊರಗಿನ ಕಟ್ಟೆಯ ಮೇಲೆ ಬೀಸಣಿಗೆ ಹಿಡಿದು ಕೂಡುತ್ತಾರೆ. 1985ರಿಂದ ರಾಯಚೂರಿನ ಬಳಿಯ ಶಕ್ತಿನಗರದ ಸ್ಥಾವರವು ನಾಡಿಗೆಲ್ಲ ವಿದ್ಯುತ್ತನ್ನು ಕೊಡುತ್ತಿದ್ದರೂ, ಅದರ ತವರಿನ ಈ ಒಂದು ಮನೆಗೆ ಆ ಹೊತ್ತು ತಂಗಾಳಿಯಿಲ್ಲ.

ಇಷ್ಟೆಲ್ಲ ಸಾಧನೆಯ ಫಲವಾಗಿ ಅವರು ನೋಡುವ ಚಿತ್ರವಾದರೂ ಯಾವುದು? ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದು, 1975ರಲ್ಲಿ ತೆರೆಕಂಡ 'ಶೋಲೆ'. ಅದರ ಆರಂಭದಲ್ಲಿ ಡಕಾಯಿತರ ಕುದುರೆಗಳು ರೈಲನ್ನು ಬೆನ್ನಟ್ಟುತ್ತವೆ. ಖುರಪುಟಧ್ವನಿಯು ಎಡದಿಂದ ಬಲಕ್ಕೆ ಹಾಯ್ದೊಡನೆ ಪಂಡಿತರು ಯಂತ್ರವನ್ನು ನಿಲ್ಲಿಸಿ, ಎದ್ದು, ಯಾವುದಾದರೊಂದು ಸ್ಪೀಕರನ್ನು ಎರಡು ಬೆರಳು ತಿರುಗಿಸಿ, ಕುದುರೆಗಳನ್ನು ಮತ್ತೆ ಮೊದಲಿನಿಂದ ಓಡಿಸುತ್ತಾರೆ. ಗಬ್ಬರ್ ಸಿಂಗನು ಯಾರೆಂಬುದು ಆ ಮನೆಯ ಮೊಮ್ಮಕ್ಕಳಿಗೆ ಇನ್ನೂ ತಿಳಿಯದು. ಅದೂ ಅಲ್ಲದೆ, ಐದೂ ಧ್ವನಿಗಳು ಸರಿಯಾಗಿ ಸಂಗಮಿಸುವ ಆಸನವು ಮನೆಗೆಲ್ಲ ಒಂದೇ. ಅದರಲ್ಲಿ ಪಂಡಿತರೇ ಕೂತಿರುವುದರಿಂದ, ಉಳಿದವರಿಗೆ ಕಂಬದ ಮರೆಯ ಧ್ವನಿಯೇ ಗತಿ.

ಕಡೆಗೊಮ್ಮೆ ಪಂಡಿತರು ಅಭಿಮಾನವನ್ನು ಬದಿಗಿಟ್ಟು, ಪಾಲಾದಂದಿನಿಂದ ಹಬ್ಬಕ್ಕೂ ತುಳಿಯದಿದ್ದ ತಮ್ಮನ ಹೊಸ್ತಿಲನ್ನು ಟೇಪಿನೊಡನೆ ದಾಟಿದರು. ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದರು. ನಾದಿನಿ ಕೊಟ್ಟ ಚಹವನ್ನು ಕುಡಿದು, ಗೋಡೆಯಲ್ಲೊಂದು ಕಿಂಡಿ ಕೊರೆಯಲು ಅಪ್ಪಣೆಯಾಗಬೇಕೆಂದೂ, ಭರಣಿಯ ಜಾಗವನ್ನು ಒಂದು ಸ್ಪೀಕರಿಗೆ ಬಿಟ್ಟುಕೊಡಬೇಕೆಂದೂ ಪ್ರಾರ್ಥಿಸಿದರು. ತಮ್ಮನು ಯಾವ ಬಾಡಿಗೆಯನ್ನೂ ಕೇಳಲಿಲ್ಲ. "ಕಿಂಡಿ ಹೊಡಿ ಅಣ್ಣಾ, ಡಬ್ಬಿ ಇಡು, ನಂದೇನೂ ತಕರಾರಿಲ್ಲ. ಗ್ವಾಡಿ ಈ ಕಡೆ ಕುಂತು ನಾವೂ ದಿನಾ ಕುದುರಿ ಓಡೋದು ಕೇಳಲಿಕ್ಕತ್ತೇವಿ. ಕುದುರಿ ಹೋದ ಮ್ಯಾಲೆ ಏನಾತು ಅನ್ನೋದನ್ನ ಒಮ್ಮೆ ಪೂರ್ತಿ ಕೇಳಸಬೇಕು, ಅಷ್ಟ" ಎಂದನು.

ಈ ಷರತ್ತು ಅತ್ಯಂತ ಕಠಿಣವೆಂದು ಪಂಡಿತರ ಅಭಿಪ್ರಾಯ. ಯೋಚಿಸಿ ಹೇಳುವೆನೆಂದು ಕಾಲಾವಕಾಶ ಕೇಳಿ ಬಂದಿದ್ದಾರೆ.