ಆಯ್ಕೆ ಸಮಿತಿಯಲ್ಲಿ ಊರಿಗೆ ಊರೇ

ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಕುರ್ಚಿ ಅಲುಗಾಡಿತೆಂದರೆ ಪಬ್ಬುಗಳಲ್ಲಿ ಸ್ವಯಂವರ ಶುರು. ಒಬ್ಬನಿಗೆ ಜರ್ಮನಿಯವನೇ ಆಗಬೇಕು, ಇನ್ನೊಬ್ಬನಿಗೆ ಕ್ಲಬ್ಬಿನ ಹಳೇ ಹುಲಿ. ಸಂಬಳ ಕೊಡುವವರು ಇವರಲ್ಲವಲ್ಲ, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

2013ರಲ್ಲಿ ಮಾತ್ರ ಚರ್ಚೆಗೆ ಆಸ್ಪದವೇ ಇರಲಿಲ್ಲ. 26 ವರ್ಷ ಆಳಿದ ಅಲೆಕ್ಸ್ ಫರ್ಗುಸನ್ ತಾವೇ ಉತ್ತರಾಧಿಕಾರಿಯನ್ನು ಸೂಚಿಸಿ ನಿವೃತ್ತರಾದರು. ಡೇವಿಡ್ ಮೊಯೆಸ್‌ಗೆ 6 ವರ್ಷದ ಕರಾರು. ಕ್ಲಬ್ಬಿನ ಮೈದಾನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ‘ಆಯ್ಕೆಯಾದವನು’ ಎಂಬ ಬ್ಯಾನರ್ ಬೇರೆ. ಆಮೇಲೆ ಸೋಲುಗಳು ಸಾಲುಗಟ್ಟಿದವು. 2014ರ ಮಾರ್ಚ್‌ನಲ್ಲಿ ಕೆಲವು ಅಭಿಮಾನಿಗಳು ಚಂದಾ ಎತ್ತಿ ಬಾಡಿಗೆ ವಿಮಾನ ಹಾರಿಸಿದರು. ಅದರ ಬಾಲದಲ್ಲಿ ‘ತಪ್ಪಾದವನು, ಮೊಯೆಸ್ ತೊಲಗಲಿ’ ಎಂಬ ಬರಹ. ಕೆಳಗೆ ಕೂತವರು ಮೊಯೆಸ್‌ರನ್ನು ಬಿಟ್ಟು ವಿಮಾನವನ್ನೇ ಮೂದಲಿಸಿದರು! ಸಾಲದ್ದಕ್ಕೆ ಅಂದೇ ತಂಡ ಆಸ್ಟನ್ ವಿಲ್ಲಾವನ್ನು 4-1ರಿಂದ ಬಡಿಯಿತು. ಆದರೇನು, ಏಪ್ರಿಲ್‌ನಲ್ಲಿ ಮೊಯೆಸ್ ಮನೆ ಸೇರಿದರು.

ಬಲ್ಲವರ ಪಾಡೂ ಅಷ್ಟೇ. 2015ರಲ್ಲಿ ಲೆಸ್ಟರ್ ಸಿಟಿ ಕ್ಲಾಡಿಯೋ ರಾನಿಯೇರಿಯನ್ನು ಮ್ಯಾನೇಜರ್ ಆಗಿ ಕರೆತಂದಾಗ, ಅದೇ ಊರಿನ ಮಾಜಿ ಆಟಗಾರ, ಟಿವಿ ನಿರೂಪಕ ಗ್ಯಾರಿ ಲಿನೇಕರ್ ‘ಇವರಾ? ನಿಜವಾಗ್ಲೂ?’ ಎಂಬರ್ಥದಲ್ಲಿ ಹುಬ್ಬೇರಿಸಿದ್ದರು. ಆದರೆ ಲೆಸ್ಟರ್ ಲೀಗ್ ಗೆದ್ದೇಬಿಟ್ಟಿತು. ಲೆಸ್ಟರ್ ಗೆದ್ದರೆ ಎಂದು ಕೊಟ್ಟಿದ್ದ ಮಾತಿನಂತೆ ಲಿನೇಕರ್ 2016ರ ಆಗಸ್ಟ್‌ನಲ್ಲಿ ಚಡ್ಡಿಯಲ್ಲೇ ಟಿವಿ ಕಾರ್ಯಕ್ರಮ ನಡೆಸಿಕೊಟ್ಟರು. ಮರುವರ್ಷ ಫೆಬ್ರವರಿಯಲ್ಲಿ ಕ್ಲಬ್ ರಾನಿಯೇರಿಯನ್ನು ಕಿತ್ತುಹಾಕಿದಾಗ ಕೆಂಡವಾದವರಲ್ಲಿ ಲಿನೇಕರ್ ಕೂಡ ಒಬ್ಬರು.