ಬೃಹದ್ಯಂತ್ರಾಗಾರ ಸಂದರ್ಶನ ಮೀಮಾಂಸೆ

ಯಾವುದೇ ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧ ಚತುಷ್ಟಯವು ಇರತಕ್ಕದ್ದೆಂದು ಪ್ರಾಚೀನರು ವಿಧಿಸಿರುವುದರಿಂದ, ದೊಡ್ಡ ಕಾರ್ಖಾನೆಗಳ ಸಂದರ್ಶನವೆಂಬ ಈ ಗಹನ ಶಾಸ್ತ್ರಕ್ಕೂ ಅವನ್ನು ಮೊದಲೇ ನಿರೂಪಿಸಿಬಿಡುವುದು ಲೇಸು. ಐ.ಟಿ.ಐ.ಯಲ್ಲಿ ಎರಡು ವರ್ಷ ಫಿಟ್ಟರ್ ಕೆಲಸ ಕಲಿತು, ಅಂಕಪಟ್ಟಿಯ ಜೆರಾಕ್ಸ್ ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು, ಬೆಳಿಗ್ಗೆ ಏಳಕ್ಕೇ ಪೀಣ್ಯದ ಗೇಟಿನ ಮುಂದೆ ಬಂದು ನಿಂತವನೇ ಇಲ್ಲಿ ಅಧಿಕಾರಿ. ಅವನಿಗೆ ಬರುವ ಕೆಲಸವೊಂದನ್ನು ಬಿಟ್ಟು ಉಳಿದುದೆಲ್ಲವೂ ವಿಷಯ. ಸಂಬಂಧವೆಂದರೆ ಒಳಗೆ ಸ್ಟೋರ್ಸಿನಲ್ಲಿರುವ ಸೋದರಮಾವ. ಪ್ರಯೋಜನವನ್ನು ಫೋನ್ ಮಾಡಿ ತಿಳಿಸಲಾಗುವುದು.

ಪ್ರಶ್ನೆಗಳು ತ್ರಿವಿಧ: ಆತ್ಮನಿವೇದನಾತ್ಮಕ, ದೋಷಾವಿಷ್ಕರಣಾತ್ಮಕ, ಕಾಲಜ್ಞಾನಾತ್ಮಕ. ಬಯೋಡೇಟಾವನ್ನು ಮೇಜಿನ ಮೇಲೆ ಹರಡಿಕೊಂಡೇ "ನಿಮ್ಮ ವಿಷಯ ಹೇಳಿ" ಎಂದು ಅಪ್ಪಣೆ ಕೊಡಿಸುವುದು ಮೊದಲನೆಯದು. ತಿಳಿದುದನ್ನೇ ಕೇಳುವುದು ದೋಷವಲ್ಲವೇ ಎಂಬ ಪೂರ್ವಪಕ್ಷಕ್ಕೆ, ಬಯೋಡೇಟಾವನ್ನು ಯಾರೂ ಓದಿರುವುದಿಲ್ಲವಾದ ಕಾರಣ ಆ ದೋಷವು ಪ್ರಾಪ್ತವಾಗದೆಂಬುದೇ ಸಿದ್ಧಾಂತ. "ನಿಮ್ಮ ದೌರ್ಬಲ್ಯವೇನು?" ಎಂಬುದು ಎರಡನೆಯದು, ಇಲ್ಲಿ ನಿಜ ನುಡಿದವನು ಕೆಟ್ಟನು, ಗುಣಕ್ಕೆ ದೋಷದ ವೇಷ ತೊಡಿಸಿ "ಕೆಲಸ ಮುಗಿಯೋ ತನಕ ಮನೆ ನೆನಪೇ ಆಗಲ್ಲ ಸಾರ್" ಎಂದವನು ಗೆದ್ದನು. ಮೂರನೆಯದರಲ್ಲಿ, ಒಂದು ವರ್ಷದ ಟ್ರೇನಿಯಾಗಲು ಬಂದವನನ್ನು, ಆ ವರ್ಷ ಕಳೆದಮೇಲೆ ಇಟ್ಟುಕೊಳ್ಳುವೆವೆಂಬ ಒಂದು ಮಾತನ್ನು ಮಾತ್ರ ಆಡದೆ, "ಐದು ವರ್ಷಗಳ ನಂತರ ಎಲ್ಲಿರುತ್ತೀರಿ?" ಎಂದು ಕೇಳಲಾಗುತ್ತದೆ. ಇವುಗಳ ಉಪಭೇದಗಳನ್ನು ಸೋದಾಹರಣವಾಗಿ ವಿವರಿಸುವ ಸಂಕಲ್ಪವಿತ್ತು. ಆದರೆ ಈ ಕಡೆಯ ಪ್ರಶ್ನೆಯನ್ನು ಬರೆದಮೇಲೆ ವಿಂಗಡಣೆಯಲ್ಲಿ ಮನಸ್ಸು ನಿಲ್ಲಲೊಲ್ಲದು.

ಅಂಥದೊಂದು ಸಂದರ್ಶನ ಮಂಡಲಿಯಲ್ಲಿ, ತಾಂತ್ರಿಕ ಸದಸ್ಯನೆಂಬ ಹೆಸರಿನಿಂದ, ನಾನು ಮೇಜಿನ ತುದಿಯಲ್ಲಿ ಕುಳಿತಿದ್ದೆನು. ಚಿತ್ರದುರ್ಗದ ಕಡೆಯ ಹುಡುಗನೊಬ್ಬನ ಕೈಗೆ ವರ್ನಿಯರನ್ನೂ ಒಂದು ಉಕ್ಕಿನ ಪಿನ್ನನ್ನೂ ಕೊಟ್ಟು ಅಳೆಯಪ್ಪಾ ಎಂದೆ. ಅವನು ಪಿನ್ನನ್ನು ಪಕ್ಕಕ್ಕಿಟ್ಟು, ವರ್ನಿಯರಿನ ದವಡೆಗಳನ್ನು ಅಂಗಿಯ ಅಂಚಿನಿಂದ ಒರೆಸಿ, ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಸೊನ್ನೆಗೆ ಸೊನ್ನೆ ಕೂಡುವುದೇ ಎಂದು ನೋಡಿ, "ಇದೇ 0.04 ಜಾಸ್ತಿ ತೋರಿಸ್ತದೆ ಸಾರ್, ಕಳೀಬೇಕು" ಎಂದನು. ನಮ್ಮ ಇನ್ಸ್‌ಪೆಕ್ಷನ್ ವಿಭಾಗದಿಂದಲೇ ತರಿಸಿದ, ಕ್ಯಾಲಿಬ್ರೇಷನ್ ಚೀಟಿ ಅಂಟಿಸಿಕೊಂಡಿದ್ದ ವರ್ನಿಯರು ಅದು! ಎಚ್.ಆರ್. ಮಹಾಶಯರು ತಲೆಯೆತ್ತದೆ, ಲೀಡರ್‌ಶಿಪ್ ಎಂದರೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗ ಸುಮ್ಮನಾದನು. "ಕಮ್ಯುನಿಕೇಷನ್ ವೀಕ್" ಎಂದು ಷರಾ ಬಿದ್ದಿತು. ಟ್ರೇನಿಯಾಗಲು ಅನರ್ಹನಾದ ಅವನನ್ನೇ ಮರುತಿಂಗಳು ಕಂಟ್ರಾಕ್ಟರನ ಮೂಲಕ ಅದೇ ಶಾಪಿಗೆ ಸೇರಿಸಿಕೊಂಡರು. ಆಗ ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಹತ್ತು ಲಕ್ಷ ಅವಕಾಶಗಳಲ್ಲಿ 3.4ಕ್ಕಿಂತ ಹೆಚ್ಚು ದೋಷ ಕೂಡದೆಂಬ ಸಿಕ್ಸ್ ಸಿಗ್ಮಾ ವ್ರತವನ್ನು ಗೋಡೆಗೋಡೆಗೂ ಬರೆಸಿಕೊಂಡ ಮಹನೀಯರಿಗೆ ಈ ಲೆಕ್ಕದಲ್ಲಿ ದೋಷವೇನೂ ಕಾಣದು. ಕಾನೂನನ್ನಾದರೂ ನೋಡೋಣವೆಂದರೆ, ಅಪ್ರೆಂಟಿಸನು ಕಲಿಯುವವನೇ ಹೊರತು ಕಾರ್ಮಿಕನಲ್ಲವೆಂದು 1961ರ ಕಾಯ್ದೆ ಹೇಳುತ್ತದೆ. ಲೇತಿಗೆ ಈ ಸೂಕ್ಷ್ಮ ತಿಳಿಯದು, ಅದು ಇಬ್ಬರ ಬೆರಳನ್ನೂ ಸಮಾನವಾಗಿ ಕತ್ತರಿಸುತ್ತದೆ. ಇದೇ ಬೆಂಗಳೂರಿನಲ್ಲಿ 1948ರ ಟೆಲಿಫೋನ್ ಕಾರ್ಖಾನೆ ತನ್ನವರಿಗಾಗಿ ದೂರವಾಣಿನಗರವೆಂಬ ಊರನ್ನೇ ಕಟ್ಟಿತ್ತು, 1953ರ ಎಚ್.ಎಂ.ಟಿ.ಯ ಹೆಸರು ಜಾಲಹಳ್ಳಿಯ ಬಡಾವಣೆಗೆ ಇಂದಿಗೂ ಉಳಿದಿದೆ. ಅಲ್ಲಿಯೂ ದರ್ಪವಿರಲಿಲ್ಲವೆಂದಲ್ಲ. ಆದರೆ ಒಳಹೊಕ್ಕವನಿಗೆ ಮನೆ ಕಟ್ಟುವ, ಮಗಳ ಮದುವೆಗೆ ಸೊಸೈಟಿಯಲ್ಲಿ ಸಾಲ ಎತ್ತುವ ಧೈರ್ಯವಿತ್ತು. ಇಂದಿನವನಿಗೆ ಬೇರೆ ಬಣ್ಣದ ಯೂನಿಫಾರಂ ಇದೆ.

ಆ ಹುಡುಗನು ಒಂದು ರಾತ್ರಿ ಪಾಳಿಯಲ್ಲಿ ಗುಜರಿ ತಗಡನ್ನು ಬಗ್ಗಿಸಿ, ಮೆಷೀನಿನ ಚೂರುಗಳು ನೆಲಕ್ಕೆ ಹಾರದೆ ನೇರವಾಗಿ ಡಬ್ಬಕ್ಕೇ ಬೀಳುವಂತೆ ಮಾಡಿದನು. ಅದಕ್ಕೆ ಆ ತಿಂಗಳ ಕೈಜೆನ್ ಬಹುಮಾನ ಬಂದಿತು. ನೋಟಿಸ್ ಬೋರ್ಡಿನ ಫೋಟೋದಲ್ಲಿ ತಗಡಿನ ಪಕ್ಕದಲ್ಲಿ ಶಿಫ್ಟ್ ಎಂಜಿನಿಯರರು ನಿಂತಿದ್ದರು. ಮಾಡಿದವನ ಹೆಸರೆಲ್ಲಿ ಎಂದು ನಾನು ವಿಚಾರಿಸಿದೆನು.

"ಅವನು ನಮ್ಮ ರೋಲ್‌ನಲ್ಲಿಲ್ಲವಲ್ಲ ಸಾರ್" ಎಂದರು.